ನೂರು ರಾತ್ರಿ, ಐದು ಬೆನ್ನು

ನಮ್ಮ ಹಳೆಯ ತೆಂಗಿನ ನಾರಿನ ಹಾಸಿಗೆಯ ನಟ್ಟನಡುವೆ ಹಳ್ಳ ಬಿದ್ದಿತ್ತು. ಒಂಬತ್ತು ವರ್ಷದ ಹಾಸಿಗೆ ಅದು. ರಾತ್ರಿ ನಾನು ಈ ಅಂಚಿನಲ್ಲಿ, ನಮ್ಮನೆಯವರು ಆ ಅಂಚಿನಲ್ಲಿ ಮಲಗಿದರೂ ಬೆಳಗಾಗುವಷ್ಟರಲ್ಲಿ ಇಬ್ಬರೂ ಜಾರಿ ಹಳ್ಳಕ್ಕೆ ಸೇರಿರುತ್ತಿದ್ದೆವು. ನಮ್ಮನೆಯವರಿಗೆ ಪೀಣ್ಯದಲ್ಲಿ ಕೆಲಸ, ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ನಿಂತೇ ಇರಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಹೊಡೆದಾಗ ಅವರು ಮೊಣಕೈ ಊರಿ, ಸೊಂಟ ಹಿಡಿದು, ಉಸಿರು ಬಿಗಿಹಿಡಿದು ಏಳುವುದನ್ನು ಕತ್ತಲಲ್ಲೇ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಬಲ ಭುಜದ ನೋವು. ಇಬ್ಬರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಿದ್ದೆವು.

ಹಾಸಿಗೆ ಬದಲಾಯಿಸೋಣ ಎಂಬ ಮಾತು ಬಂದಾಗ ಮೂರೂ ಮಂಚಕ್ಕೆ ಒಟ್ಟಿಗೇ ಬದಲಾಯಿಸಿಬಿಡೋಣ ಎಂದುಕೊಂಡೆವು. ನಮ್ಮದೊಂದು, ಮಗಳದೊಂದು, ಅತ್ತೆಯದೊಂದು. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ, ಆಮೇಲೆ ಜಯನಗರದಲ್ಲಿ, ಎರಡು ಭಾನುವಾರ ಅಂಗಡಿ ಅಂಗಡಿ ಸುತ್ತಿದೆವು. ಹೋದಲ್ಲೆಲ್ಲ ಸ್ಪ್ರಿಂಗೂ ಫೋಮೂ ಸೇರಿದ, ಮಧ್ಯಮ ಗಟ್ಟಿಯ ಹಾಸಿಗೆಯದೇ ಮಾತು: "ಹೈಬ್ರಿಡ್ ತಗೊಳ್ಳಿ ಮೇಡಂ, ಮೀಡಿಯಂ ಫರ್ಮ್. ಎಲ್ಲರಿಗೂ ಆಗುತ್ತೆ. ಮೂರು ತಗೊಂಡ್ರೆ ರೇಟಲ್ಲಿ ನೋಡ್ಕೊಳ್ಳೋಣ."

ಎಲ್ಲರಿಗೂ ಆಗುತ್ತೆ ಎಂಬ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಮನೆಯಲ್ಲಿ ಒಬ್ಬರು ಮಲಗಿದ ಹಾಗೆ ಇನ್ನೊಬ್ಬರು ಮಲಗುವುದಿಲ್ಲ. ಅವರು ಅಂಗಾತ, 97 ಕೆಜಿ. ನಾನು ಮಗ್ಗುಲು, 61 ಕೆಜಿ. ಮಗಳು ಬೋರಲು, 46 ಕೆಜಿ. ಅತ್ತೆಗೆ 74 ವರ್ಷ, ಮಂಡಿ ನೋವು, ರಾತ್ರಿ ಎರಡು ಮೂರು ಸಲ ಏಳಬೇಕು. ಇಷ್ಟು ಜನಕ್ಕೂ ಒಂದೇ ಹಾಸಿಗೆ ಆಗುತ್ತದೆ ಎಂದರೆ ನಂಬಬೇಕೆನಿಸಿತು, ಆದರೆ ನೋಡದೆ ನಂಬಲು ಆಗಲಿಲ್ಲ. ಅವುಗಳಲ್ಲಿ ಒಂದು ಅಂಗಡಿಯವರು 100 ರಾತ್ರಿ ಮಲಗಿ ನೋಡುವ ಅವಕಾಶ ಕೊಡುತ್ತಿದ್ದರು. ಹಾಗಾದರೆ ಮೊದಲು ಒಂದನ್ನೇ ತರೋಣ, ಮನೆಯವರೆಲ್ಲ ಸರದಿಯಲ್ಲಿ ಮಲಗಲಿ, ಆಮೇಲೆ ಉಳಿದೆರಡರ ಮಾತು ಎಂದೆ. ರೇಟು ಹೋದರೆ ಹೋಗಲಿ.

ಅದಕ್ಕೂ ಮುಂಚೆ ಮನೆಯಲ್ಲೇ ಒಂದು ವಾದ ಮುಗಿಯಬೇಕಿತ್ತು. ಬೆನ್ನು ನೋವು ಎಂದರೆ ಹಲಗೆಯ ಮೇಲೆ ಮಲಗಿ, ನೆಲದ ಮೇಲೆ ಚಾಪೆ ಹಾಸಿ ಮಲಗಿ ಎಂದು ನಮ್ಮಲ್ಲಿ ಹೇಳದವರೇ ಇಲ್ಲ. ನಮ್ಮನೆಯವರು ಅದನ್ನೂ ಮಾಡಿ ನೋಡಿದ್ದರು. ಹದಿನೈದು ದಿನ ಹಾಲ್‌ನ ನೆಲದ ಮೇಲೆ ಚಾಪೆ, ಅದರ ಮೇಲೆ ಒಂದು ಕಂಬಳಿ. ಸೊಂಟ ಇನ್ನಷ್ಟು ಹಿಡಿದುಕೊಂಡಿತು. ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ, ಎರಡನೇ ವರ್ಷ. ಅವಳು ಒಂದು ಸಂಜೆ ಲ್ಯಾಪ್‌ಟಾಪ್ ತಂದು ನಮ್ಮ ಮುಂದಿಟ್ಟಳು. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸ್ಪೇನ್ ದೇಶದ ಅಧ್ಯಯನ. ಬಹುಕಾಲದಿಂದ ಸೊಂಟ ನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದ್ದರು. ಮಲಗಿದಾಗಿನ ನೋವು, ಏಳುವಾಗಿನ ನೋವು, ಹಗಲಿನ ಓಡಾಟದ ತೊಂದರೆ, ಇವೆಲ್ಲದರಲ್ಲೂ ಮಧ್ಯಮ ಗಟ್ಟಿಯವರೇ ಹೆಚ್ಚು ಸುಧಾರಿಸಿದ್ದರು.

"ಅಪ್ಪ, ಬೆನ್ನು ಹಲಗೆ ಥರ ಚಪ್ಪಟೆ ಇಲ್ಲ. ಸೊಂಟದ ಹತ್ತಿರ ಒಳಗೆ ಬಾಗಿದೆ. ನೆಲದ ಮೇಲೆ ಮಲಗಿದ್ರೆ ಆ ಜಾಗಕ್ಕೆ ಆಸರೆನೇ ಸಿಗಲ್ಲ, ರಾತ್ರಿಯೆಲ್ಲ ಸ್ನಾಯು ಬಿಗಿಹಿಡ್ಕೊಂಡಿರುತ್ತೆ," ಎಂದಳು. ಅವರು ತಲೆಯಾಡಿಸಿದರು. ಅಲ್ಲಿಗೆ ಚಾಪೆಯ ಮಾತು ಮುಗಿಯಿತು.

ಆ ಅಧ್ಯಯನದಲ್ಲಿ ನನಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅವರ ಅಳತೆಯಲ್ಲಿ 1 ಎಂದರೆ ಅತಿ ಗಟ್ಟಿ, 10 ಎಂದರೆ ಅತಿ ಮೆತ್ತಗೆ. ಅವರ ಮಧ್ಯಮ ಗಟ್ಟಿ 5.6. ಅಂಗಡಿಯವರು ಹೇಳುವ ಅಳತೆ ತಿರುಗುಮುರುಗು, ಅಲ್ಲಿ 10 ಎಂದರೆ ಅತಿ ಗಟ್ಟಿ. "ಇದು 6.5 ಮೇಡಂ" ಎಂದು ಅವರು ಹೇಳಿದ ಅಂಕಿಗೂ ಈ 5.6ಕ್ಕೂ ತಾಳೆ ಹಾಕುವ ಹಾಗೇ ಇರಲಿಲ್ಲ. ಅಂಗಡಿಯವರ ಅಂಕಿ ಯಾರೋ ಕೂತು ಒಪ್ಪಿಕೊಂಡ ಅಳತೆಯಲ್ಲ, ಒಂದೊಂದು ಕಂಪನಿ ತನ್ನ ಅಂದಾಜಿನಲ್ಲಿ ಹೇಳುವಂಥದ್ದು. ಬೆನ್ನು-ಮೂಳೆಗೆ ಹಿತ ಎಂಬ ಅರ್ಥ ಬರಲೆಂದು ಹಾಸಿಗೆಯ ಮೇಲೆ ಅಚ್ಚು ಹಾಕಿರುವ 'ಆರ್ಥೋ' ಎಂಬ ಪದವೂ ಅಷ್ಟೇ. ಆ ಪದ ನೋಡಿ ದುಡ್ಡು ಕೊಡಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಅಂಗಡಿಯಲ್ಲಿ ಅಡ್ಡಕ್ಕೆ ಕೊಯ್ದಿಟ್ಟ ಒಂದು ತುಂಡು ತೋರಿಸಿದರು. ಕೆಳಗೆ ಗಟ್ಟಿ ಪದರ, ಅದರ ಮೇಲೆ ಐದು ಇಂಚಿನ ಪಾಕೆಟ್ ಸ್ಪ್ರಿಂಗು, ಮೇಲೆ ಗಟ್ಟಿ ಫೋಮು, ಅದರ ಮೇಲೆ ತೆಳುವಾಗಿ, ಮೈಯ ಆಕಾರಕ್ಕೆ ಮಣಿಯುವ ಮೆಮೊರಿ ಫೋಮು, ಕೊನೆಗೆ ಹೊಲಿಗೆ ಹಾಕಿದ ಬಟ್ಟೆ. ಒಟ್ಟು ಎಂಟು ಇಂಚು. ಸ್ಪ್ರಿಂಗೂ ಫೋಮೂ ಎರಡೂ ಇರುವುದಕ್ಕೇ ಹೈಬ್ರಿಡ್ ಎಂಬ ಹೆಸರು. ಒಂದೊಂದು ಸ್ಪ್ರಿಂಗಿಗೂ ಒಂದೊಂದು ಬಟ್ಟೆಯ ಚೀಲ ಹೊಲಿದಿರುತ್ತಾರೆ, ಹಾಗಾಗಿ ಒಂದನ್ನು ಒತ್ತಿದರೆ ಅದು ಮಾತ್ರ ಕುಗ್ಗುತ್ತದೆ. ಹಳೆಯ ಕಾಲದ ಬಾನೆಲ್ ಸ್ಪ್ರಿಂಗಿನಲ್ಲಿ ಎಲ್ಲವನ್ನೂ ತಂತಿಯಿಂದ ಒಂದಕ್ಕೊಂದು ಕಟ್ಟಿರುತ್ತಾರೆ. ಮೈಸೂರಿನ ನೆಂಟರ ಮನೆಯಲ್ಲಿ ಅಂಥದ್ದರ ಮೇಲೆ ಮಲಗಿದ ನೆನಪಿದೆ. ಪಕ್ಕದವರು ಮಗ್ಗುಲು ಬದಲಿಸಿದರೆ ನಮ್ಮ ಮೈಯೂ ದೋಣಿಯಲ್ಲಿದ್ದ ಹಾಗೆ ಅಲ್ಲಾಡುತ್ತಿತ್ತು.

ಬಂದವರೆಲ್ಲ ಅಂಗೈಯಿಂದ ಒತ್ತಿ ನೋಡಿ "ಚೆನ್ನಾಗಿದೆ" ಎನ್ನುತ್ತಿದ್ದರು. ಮೊದಲ ಭಾನುವಾರ ನಾನೂ ಹಾಗೇ ಮಾಡಿದ್ದೆ. ಅಂಗೈಗೆ ತಿಳಿಯುವುದು ಮೇಲಿನ ಒಂದಿಂಚು ಮಾತ್ರ, ಮೈಭಾರ ಬಿದ್ದಾಗ ಕೆಳಗಿನ ಸ್ಪ್ರಿಂಗು ಏನು ಮಾಡುತ್ತದೆ ಎಂಬುದಲ್ಲ. ಎರಡನೇ ಭಾನುವಾರ ಚೂಡಿದಾರ್ ಹಾಕಿಕೊಂಡು ಹೋಗಿ, ಮನೆಯಲ್ಲಿ ಮಲಗುವ ಹಾಗೇ ಮಗ್ಗುಲಾಗಿ, ಮನೆಯಿಂದ ಒಯ್ದ ನನ್ನ ದಿಂಬನ್ನೇ ಇಟ್ಟುಕೊಂಡು ಹದಿನೈದು ನಿಮಿಷ ಮಲಗಿದೆ. ಅಂಗಡಿಯ ಹುಡುಗ ಪಾಪ ಫ್ಯಾನ್ ಹಾಕಿ ಆಚೆ ಹೋದ.

ಮಂಚ ನಮ್ಮ ಮಾವ ಮಾಡಿಸಿದ ತೇಗದ ಮರದ್ದು. ಹಾಸಿಗೆ ಕೂರುವ ಒಳ ಅಳತೆ 75 ಇಂಚು ಉದ್ದ, 60 ಇಂಚು ಅಗಲ. ಟೇಪನ್ನು ಒಳಗಿನ ಅಂಚಿಗೆ ಹಿಡಿದು ಮೂರು ಜಾಗದಲ್ಲಿ ಅಳೆದುಕೊಂಡು ಹೋಗಿದ್ದೆ. ಬೆಲೆ 31,500 ರೂಪಾಯಿ. ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದ ನಾಲ್ಕು ಸಾಲು ಅಲ್ಲೇ ನಿಂತು ಓದಿದೆ. ಮೊದಲ 30 ರಾತ್ರಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಕಲೆಯಾದರೆ ಯಾವತ್ತೂ ತೆಗೆದುಕೊಳ್ಳುವುದಿಲ್ಲ. ಬಾಯಲ್ಲಿ ಇದೆರಡನ್ನೂ ಯಾರೂ ಹೇಳಿರಲಿಲ್ಲ. ಅದಕ್ಕೇ ಒಂದು ತೆಳುವಾದ ಹತ್ತಿಯ ಕವರನ್ನೂ ಕೊಂಡೆ. ದಪ್ಪನೆಯ ಪ್ಲಾಸ್ಟಿಕ್ ಒಳಪದರದ ಕವರು ಹಾಕಿದರೆ ಹಾಸಿಗೆಯ ಹದವೇ ತಿಳಿಯುವುದಿಲ್ಲ, ಸೆಕೆಯೂ ಹೆಚ್ಚು.

ಜನವರಿ ಮೊದಲ ವಾರ ಹಾಸಿಗೆ ಬಂತು. ಗಾಳಿ ತೆಗೆದು, ಒತ್ತಿ, ಸುರುಳಿ ಸುತ್ತಿದ್ದ ದೊಡ್ಡ ಡಬ್ಬ, 38 ಕೆಜಿ. ಹನುಮಂತನಗರದ ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೇಲಕ್ಕೆ ತಂದುಕೊಡುತ್ತೇವೆ ಎಂದಿದ್ದವರು ಗೇಟಿನ ಹತ್ತಿರ ಇಳಿಸಿ ಹೊರಟೇಬಿಟ್ಟರು. ಬೇಸರವಾಯಿತು. ಕೆಳಗಿನ ಮನೆಯ ಹುಡುಗರು ಇಬ್ಬರು ಕೈಜೋಡಿಸಿ ಮೇಲೆ ತಂದರು. ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ಬುಸ್ಸೆಂದು ಉಸಿರೆಳೆದುಕೊಂಡು ಉಬ್ಬತೊಡಗಿತು. ಪೇಂಟಿನಂಥ ವಾಸನೆ. ಎರಡು ದಿನ ಕಿಟಕಿ ತೆರೆದಿಟ್ಟು, ಯಾರೂ ಅದರ ಮೇಲೆ ಮಲಗಲಿಲ್ಲ.

ಒಂದು ನೋಟ್‌ಬುಕ್ ತೆಗೆದು ಗೆರೆ ಹಾಕಿದೆ. ತಾರೀಖು, ಮಲಗಿದವರು, ರಾತ್ರಿ ಎಷ್ಟು ಸಲ ಎಚ್ಚರ, ಬೆಳಿಗ್ಗೆ ನೋವಿಗೆ ಹತ್ತಕ್ಕೆ ಎಷ್ಟು, ನೋವು ಎಲ್ಲಿ. ಎದ್ದ ಹತ್ತು ನಿಮಿಷದೊಳಗೆ ಬರೆಯಬೇಕು, ಕಾಫಿ ಕುಡಿದ ಮೇಲೆ ಬರೆದರೆ ಲೆಕ್ಕಕ್ಕಿಲ್ಲ ಎಂದು ನಿಯಮ ಮಾಡಿದೆ. ಕಾಫಿ ಆದ ಮೇಲೆ ಎಲ್ಲರ ನೋವೂ ಒಂದು ಅಂಕ ಕಡಿಮೆಯಾಗುತ್ತದೆ.

ಮಗಳು ಎರಡು ಪರೀಕ್ಷೆ ಹೇಳಿಕೊಟ್ಟಳು. ಅಂಗಾತ ಮಲಗಿದವರ ಸೊಂಟದ ಕೆಳಗೆ ಇನ್ನೊಬ್ಬರು ಅಂಗೈ ತೂರಿಸಬೇಕು. ಕೈ ಸಲೀಸಾಗಿ ಈಚೆಯಿಂದ ಆಚೆ ಬಂದರೆ ಹಾಸಿಗೆ ಅವರಿಗೆ ಗಟ್ಟಿ. ತೂರಿಸಲೇ ಆಗದಿದ್ದರೆ ಮೆತ್ತಗೆ. ಸ್ವಲ್ಪ ಒತ್ತಿ ತೂರಿಸಿದಾಗ ಹೋದರೆ ಸರಿ. ಇನ್ನೊಂದು ಮಗ್ಗುಲಲ್ಲಿ ಮಲಗುವವರಿಗೆ. ನನ್ನ ನೈಟಿಯ ಬೆನ್ನಿನ ಮೇಲೆ ಬೆನ್ನೆಲುಬಿನ ಗೆರೆಗೆ ಸರಿಯಾಗಿ, ಕತ್ತಿನ ಬುಡದಿಂದ ಸೊಂಟದವರೆಗೆ ಆರು ಸ್ಟಿಕರ್ ಬೊಟ್ಟು ಅಂಟಿಸಿ, ಹಿಂದಿನಿಂದ ಮೊಬೈಲಲ್ಲಿ ಫೋಟೋ ತೆಗೆದಳು. ಬೊಟ್ಟುಗಳು ಒಂದೇ ಗೆರೆಯಲ್ಲಿ ಬರಬೇಕು. ಹಳೆಯ ಹಾಸಿಗೆಯಲ್ಲಿ ಮಲಗಿದಾಗ ನನ್ನ ಬೊಟ್ಟುಗಳು ತೊಟ್ಟಿಲಿನ ತಳದ ಹಾಗೆ ಬಾಗಿದ್ದವು. ಆ ಫೋಟೋ ನೋಡಿದಾಗ ನನಗೆ ನಿಜವಾಗಿ ಮರುಕ ಬಂತು. ಇಷ್ಟು ವರ್ಷ ಹೀಗೆ ಮಲಗಿದ್ದೆನಲ್ಲ ಎಂದು. ಹೊಸದರಲ್ಲಿ ಗೆರೆ ಹೆಚ್ಚುಕಡಿಮೆ ನೇರ, ಕತ್ತಿನ ಹತ್ತಿರದ ಒಂದು ಬೊಟ್ಟು ಮಾತ್ರ ಮೇಲಕ್ಕೆ ಓಡಿತ್ತು.

ಆದರೂ ಮೊದಲ ಹತ್ತು ರಾತ್ರಿ ಚೆನ್ನಾಗಿರಲಿಲ್ಲ. ನನ್ನ ಭುಜ 5ರಿಂದ 6ಕ್ಕೆ ಏರಿತು, ಜೊತೆಗೆ ಕತ್ತು ಹಿಡಿಯಿತು. ಸಂಕ್ರಾಂತಿಯ ದಿನ ಎಳ್ಳು ಬೀರಲು ಹೋದಾಗ ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ಮಾತಾಡುತ್ತಿದ್ದೆ. 31,500 ನೀರಿಗೆ ಹೋಯಿತು ಎಂದೇ ಅನಿಸಿತ್ತು. ಮಗಳು ಫೋಟೋ ಮತ್ತೆ ನೋಡಿ, "ಅಮ್ಮಾ, ಒಂದು ದಿಂಬು ತೆಗಿ," ಎಂದಳು. ಗಟ್ಟಿ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿದರೆ ಭುಜ ಒಳಗಿಳಿಯುವುದಿಲ್ಲ, ಕಿವಿಗೂ ಹಾಸಿಗೆಗೂ ನಡುವೆ ಹೆಚ್ಚು ಎತ್ತರ ಉಳಿಯುತ್ತದೆ. ಅದನ್ನು ತುಂಬಲು ನಾನು ವರ್ಷಗಳಿಂದ ಎರಡು ದಿಂಬು ಇಟ್ಟುಕೊಳ್ಳುತ್ತಿದ್ದೆ. ಇಲ್ಲಿ ಭುಜ ಒಂದಿಷ್ಟು ಇಳಿಯುತ್ತದೆ, ಆ ಎತ್ತರ ಬೇಡ. ಒಂದು ದಿಂಬು ತೆಗೆದ ನಾಲ್ಕನೇ ದಿನ ಕತ್ತು ಬಿಟ್ಟಿತು. ಹಾಸಿಗೆ ಬದಲಾಯಿಸಿದವರು ದಿಂಬನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕು ಎಂಬುದನ್ನು ಅಂಗಡಿಯಲ್ಲಿ ಯಾರಾದರೂ ಹೇಳಿದ್ದರೆ ನನಗೆ ಹತ್ತು ರಾತ್ರಿ ಉಳಿಯುತ್ತಿತ್ತು.

ಭುಜದ ನೋವು ಇಳಿದದ್ದು ನಿಧಾನಕ್ಕೆ. ಜನವರಿ ಕೊನೆಗೆ 4, ಫೆಬ್ರವರಿಯಲ್ಲಿ 3, ಯುಗಾದಿಯ ಹೊತ್ತಿಗೆ ಹೆಚ್ಚಿನ ದಿನ 1 ಅಥವಾ 2. ಇದಕ್ಕೆ ಕಾರಣ ಮೈ ಒಗ್ಗಿಕೊಂಡದ್ದೋ ಹವೆ ಬಿಸಿಯಾದದ್ದೋ ಎಂದು ಬಿಡಿಸಿ ಹೇಳಲಾಗದು. ಮೆಮೊರಿ ಫೋಮು ಚಳಿಯಲ್ಲಿ ಬಿಗಿಯಾಗುತ್ತದೆ, ಬೆಚ್ಚಗಾದಂತೆ ಸಡಿಲವಾಗುತ್ತದೆ. ಜನವರಿಯ ಬೆಂಗಳೂರಿನ ರಾತ್ರಿಯಲ್ಲಿ, ಕಿಟಕಿ ತೆರೆದಿಟ್ಟ ಕೋಣೆಯಲ್ಲಿ, ಮಲಗಿದ ಮೊದಲ ಹತ್ತು ನಿಮಿಷ ಹಾಸಿಗೆ ಒರಟಾಗಿರುತ್ತಿತ್ತು. ಮೈ ಶಾಖ ತಾಗಿದ ಮೇಲೆ ಮಣಿಯುತ್ತಿತ್ತು. ಮಾರ್ಚ್ ಕೊನೆಗೆ ಮಲಗಿದ ಕೂಡಲೇ ಮೆತ್ತಗೆ. ಒಂದೇ ಹಾಸಿಗೆ, ಎರಡು ಕಾಲದಲ್ಲಿ ಎರಡು ಹದ. ಡಿಸೆಂಬರಿನಲ್ಲಿ ಹಾಸಿಗೆ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮನೆಯವರಿಗೆ ಮೊದಲ ವಾರದಿಂದಲೇ ಹಿಡಿಸಿತು. 97 ಕೆಜಿಯ ಭಾರಕ್ಕೆ ಸ್ಪ್ರಿಂಗು ಬೇಕಾದಷ್ಟು ಕುಗ್ಗಿ, ಸೊಂಟದ ಬಾಗನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತಿತ್ತು. ನನ್ನ ಅಂಗೈ ಒತ್ತಿ ತೂರಿಸಿದರೆ ಮಾತ್ರ ಹೋಗುತ್ತಿತ್ತು. ಅವರ ಅಂಕ 6ರಿಂದ ಶುರುವಾಗಿ ತಿಂಗಳೊಳಗೆ 3ಕ್ಕೆ ಬಂತು. ಒಂದು ಬೆಳಗಿನ ಜಾವ ನನಗೆ ಎಚ್ಚರವಾದಾಗ ಪಕ್ಕದಲ್ಲಿ ಅವರಿರಲಿಲ್ಲ. ಎದ್ದು, ಸ್ನಾನ ಮಾಡಿ, ಕಂಪನಿ ಬಸ್ಸಿಗೆ ಹೊರಟೇ ಹೋಗಿದ್ದರು. ಅಲಾರಂ ಹೊಡೆದದ್ದಾಗಲಿ, ಅಷ್ಟು ಭಾರದ ಮನುಷ್ಯ ಎದ್ದದ್ದಾಗಲಿ ನನಗೆ ಗೊತ್ತೇ ಆಗಿರಲಿಲ್ಲ. ಪುಸ್ತಕದಲ್ಲಿ ಅವತ್ತಿನ ಸಾಲಿನ ಕೆಳಗೆ ಅಡ್ಡಗೆರೆ ಎಳೆದಿದ್ದೇನೆ. ಅವರು ಅಂಗಾತ ಮಲಗಿ ಗೊರಕೆ ಹೊಡೆಯುವುದು ಮಾತ್ರ ಹಾಗೇ ಇದೆ, ಅದಕ್ಕೂ ಹಾಸಿಗೆಗೂ ಸಂಬಂಧವಿಲ್ಲ.

ಮಗಳ ಸರದಿ ಫೆಬ್ರವರಿಯಲ್ಲಿ, ಅವಳ ಓದುವ ರಜೆಯಲ್ಲಿ, ಒಂದು ವಾರ. ಎರಡನೇ ದಿನವೇ, "ಅಮ್ಮಾ, ಹಲಗೆ ಥರ ಇದೆ," ಎಂದಳು. ನನಗೆ ಆಶ್ಚರ್ಯ. ಹಿಂದಿನ ರಾತ್ರಿಯಷ್ಟೇ ನಮ್ಮನೆಯವರು ಇದೇ ಹಾಸಿಗೆಯನ್ನು "ಹದವಾಗಿ ಮೆತ್ತಗಿದೆ" ಎಂದಿದ್ದರು. ಕೂತು ಯೋಚಿಸಿದರೆ ಸರಳ. 46 ಕೆಜಿಗೆ ಮೇಲಿನ ಫೋಮು ಒಂದಿಷ್ಟು ಕುಗ್ಗುತ್ತದೆ, ಅಲ್ಲಿಗೆ ನಿಂತಿತು. ಕೆಳಗಿನ ಸ್ಪ್ರಿಂಗು ಅಷ್ಟಾಗಿ ಕುಗ್ಗುವುದೇ ಇಲ್ಲ. ಅಪ್ಪನ ಭಾರ ಅವಳ ಎರಡರಷ್ಟು. ಅಂಗಡಿಯವರು 6.5 ಎಂದದ್ದು ಯಾರ ಮೈಗೆ? ಅದನ್ನು ಹೇಳದ ಮೇಲೆ ಆ ಅಂಕಿ ಅರ್ಧ ಮಾತು. ಅವಳ ಪಾಲಿಗೆ ಅದು 8 ಇರಬೇಕು, ಅವರ ಪಾಲಿಗೆ 5.

ಆದರೆ ಅವಳು ಬೋರಲು ಮಲಗಿದ ರಾತ್ರಿಗಳಲ್ಲಿ ಬೆನ್ನಿಗೆ ಏನೂ ತೊಂದರೆ ಇರಲಿಲ್ಲ. ನೋವು ಬಂದದ್ದು ಮಗ್ಗುಲಾಗಿ ಮಲಗಿದ ಎರಡು ರಾತ್ರಿ, ತೊಡೆಯ ಮೇಲಿನ ಮೂಳೆ ಒತ್ತಿಕೊಂಡು. ಬೋರಲು ಮಲಗುವವರಿಗೆ ಅಪಾಯ ಇರುವುದು ಸೊಂಟ ಇಳಿಯುವುದರಲ್ಲಿ. ಮೈಯ ನಡುಭಾಗವೇ ಭಾರದ ಭಾಗ. ಅದು ಹಾಸಿಗೆಯೊಳಗೆ ಇಳಿದರೆ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ಅವಳು ಹಗುರ, ಇಳಿಯಲಿಲ್ಲ. ಹಲಗೆ ಎಂದು ಅವಳು ದೂರಿದ್ದೇ ಅವಳ ಬೆನ್ನನ್ನು ಕಾಪಾಡಿತ್ತು.

ಇದು ನಿಜವೇ ಎಂದು ನೋಡಲು ನನ್ನ ತಮ್ಮ ಸಿಕ್ಕಿದ. ತಿಪಟೂರಿನವನು, ಕೊಬ್ಬರಿ ವ್ಯಾಪಾರ, ಐದು ಅಡಿ ಹನ್ನೊಂದು ಇಂಚು, 88 ಕೆಜಿ, ಹುಟ್ಟಿದಾಗಿನಿಂದ ಬೋರಲು. ಶಿವರಾತ್ರಿಯ ಜಾಗರಣೆ ಮುಗಿಸಿಕೊಂಡು ಯಶವಂತಪುರದಲ್ಲಿ ಏನೋ ವ್ಯವಹಾರವಿದೆ ಎಂದು ಬಂದವನು ಆರು ದಿನ ಇದ್ದ. ನಮ್ಮ ಕೋಣೆ ಬಿಟ್ಟುಕೊಟ್ಟೆವು. ಮೊದಲ ರಾತ್ರಿ ಎರಡು ದಿನದ ನಿದ್ದೆ ಒಟ್ಟಿಗೇ ಬಂದು ಕಂಬದ ಹಾಗೆ ಬಿದ್ದುಕೊಂಡ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರನೇ ಬೆಳಿಗ್ಗೆ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದ. "ಅಕ್ಕಾ, ಊರಲ್ಲಿ ನಮ್ಮ ಹಾಸಿಗೇಲಿ ಹಿಂಗಾಗಲ್ಲ ಕಣಕ್ಕಾ." ಅಂಕ 5. ಅದೇ ಬೋರಲು, ಅದೇ ಹಾಸಿಗೆ, ಮಗಳಿಗೆ ಬೆನ್ನು 1, ಇವನಿಗೆ 5. ನಾಲ್ಕನೇ ರಾತ್ರಿ ತಲೆಯ ಕೆಳಗಿನ ದಿಂಬು ತೆಗೆಸಿ, ತೆಳುವಾದ ಒಂದು ದಿಂಬನ್ನು ಕಿಬ್ಬೊಟ್ಟೆಯ ಕೆಳಗೆ ಇಡಿಸಿದೆವು. ಬೆಳಿಗ್ಗೆ 3. ಐದನೇ ರಾತ್ರಿಯೂ 3. ಪರವಾಗಿಲ್ಲ, ಆದರೆ ಇದು ಅವನ ಹಾಸಿಗೆಯಲ್ಲ. ಇಷ್ಟು ಭಾರ ಇದ್ದು ಬೋರಲು ಮಲಗುವವರಿಗೆ ಇದಕ್ಕಿಂತ ಗಟ್ಟಿ ಬೇಕು.

ಅವನಿಂದ ಇನ್ನೊಂದು ಗೊತ್ತಾಯಿತು. 75 ಇಂಚು ಎಂದರೆ ಆರೂಕಾಲು ಅಡಿ, ಅವನಿಗೆ ಸಾಕಾಗಬೇಕು. ಬೋರಲು ಮಲಗಿದರೆ ಪಾದ ಹಿಂದಕ್ಕೆ ಚಾಚಿಕೊಳ್ಳುತ್ತದೆ, ಆಗ ಅಷ್ಟು ಉದ್ದ ಸಾಲುವುದಿಲ್ಲ. ನಮ್ಮ ಮಂಚದ ಕಾಲ ಕಡೆ ಅಡ್ಡ ಹಲಗೆ ಇದೆ, ರಾತ್ರಿಯೆಲ್ಲ ಬೆರಳು ಅದಕ್ಕೆ ಒತ್ತುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಅಂಗಾತ ಮಲಗುತ್ತಿದ್ದರೇನೋ.

ಅತ್ತೆಯ ವಿಷಯ ಬೇಕೆಂದೇ ಕೊನೆಗಿಟ್ಟುಕೊಂಡಿದ್ದೇನೆ. ಫೆಬ್ರವರಿ ಮೊದಲ ವಾರ ಅವರು ಐದು ರಾತ್ರಿ ಮಲಗಿದರು. ಕರೆದಾಗ ಮರುಮಾತಿಲ್ಲದೆ ಬಂದರು. ಅವರ ಹಾಸಿಗೆ ಬೂರುಗದ ಹತ್ತಿಯದು, ಮದುವೆಯಾಗಿ ಬಂದಾಗಿನದು ಎಂದೇ ಹೇಳುತ್ತಾರೆ. ಮೇಲಿನ ಬಟ್ಟೆ ಎಷ್ಟು ಸಲ ಬದಲಾಗಿದೆಯೋ. ಈಗ ಅದು ಗಂಟುಗಂಟಾಗಿ, ಕೆಲವು ಕಡೆ ಬಟ್ಟೆಗೆ ಬಟ್ಟೆಯೇ ತಾಗುವಷ್ಟು ತೆಳುವಾಗಿತ್ತು. ಅವರಿಗೆ ಒಳ್ಳೆಯ ಹಾಸಿಗೆ ಕೊಡಿಸಬೇಕು ಎಂಬುದೇ ಈ ಇಡೀ ಓಡಾಟದಲ್ಲಿ ನನ್ನ ದೊಡ್ಡ ಆಸೆಯಾಗಿತ್ತು.

ಮೊದಲ ತೊಡಕು ಮಲಗುವ ಮುಂಚೆಯೇ ಕಾಣಿಸಿತು. ಮಂಚದ ಹಲಗೆ ನೆಲದಿಂದ 15 ಇಂಚು. ಅದರ ಮೇಲೆ ಎಂಟು ಇಂಚಿನ ಹಾಸಿಗೆ, ಒಟ್ಟು 23. ಅತ್ತೆ ನಾಲ್ಕು ಅಡಿ ಹತ್ತು ಇಂಚು. ಅಂಚಿನಲ್ಲಿ ಕೂತರೆ ಅವರ ಪಾದ ನೆಲ ಮುಟ್ಟಲಿಲ್ಲ, ಹೆಬ್ಬೆರಳು ಮಾತ್ರ ತಾಗುತ್ತಿತ್ತು. ಮಂಡಿ ನೋವಿನವರು ಏಳಬೇಕಾದರೆ ಎರಡೂ ಪಾದ ಪೂರ್ತಿ ನೆಲದ ಮೇಲಿರಬೇಕು, ಮಂಡಿ ತೊಡೆಯ ಮಟ್ಟದಲ್ಲಿರಬೇಕು. ಇಲ್ಲಿ ಅವರು ಜಾರಿ ಇಳಿಯಬೇಕಿತ್ತು. ಅಂಗಡಿಯಲ್ಲಿ ಎಂಟು ಇಂಚು, ಹತ್ತು ಇಂಚು ಎಂದು ದಪ್ಪವನ್ನೇ ಹೆಚ್ಚುಗಾರಿಕೆಯಾಗಿ ಹೇಳುವಾಗ ನಾನು ಮಂಚದ ಉದ್ದ ಅಗಲ ಅಳೆದೆನೇ ಹೊರತು ಅತ್ತೆಯ ಮಂಡಿಯ ಎತ್ತರ ಅಳೆಯಲಿಲ್ಲ. ಅವರಿಗಾಗಿ ಕೆಳಗೊಂದು ಅಗಲದ ಮಣೆ ಹಾಕಿದೆ. ಕತ್ತಲಲ್ಲಿ ಎಡವಿದರೆ ಎಂದು ಹೆದರಿ ಎರಡನೇ ರಾತ್ರಿ ಅದನ್ನೂ ತೆಗೆದೆ, ನಾನೇ ಪಕ್ಕದಲ್ಲಿ ಮಲಗಿದೆ.

ಮೂರನೇ ರಾತ್ರಿ ಒಂದೂವರೆಗೋ ಎರಡಕ್ಕೋ ಅವರು ಎದ್ದದ್ದು ತಿಳಿಯಿತು. ಅಂಚಿಗೆ ಬಂದು ಕೂತಾಗ ಅಂಚು ಕುಸಿಯಿತು. ಸುತ್ತಲೂ ಗಟ್ಟಿ ಫೋಮಿನ ಅಂಚು ಕಟ್ಟಿದ ಹಾಸಿಗೆಗಳು ಸಿಗುತ್ತವೆ. ನಮ್ಮದರಲ್ಲಿ ಅಂಚಿನವರೆಗೂ ಅದೇ ಸ್ಪ್ರಿಂಗು. ಅವರು ನನ್ನ ಕೈ ಹಿಡಿದುಕೊಂಡು ಎದ್ದರು. ವಾಪಸ್ ಬಂದು ಮಲಗಿ, ಮಗ್ಗುಲು ಬದಲಿಸಲು ಎರಡು ಸಲ ತಿಣುಕಿದರು.

"ಅತ್ತೆ, ಹೇಗಿದೆ ಹೇಳಿ. ಮುಚ್ಚಿಡಬೇಡಿ," ಎಂದೆ.

"ಮೆತ್ತಗೇ ಇದೆ ತಾಯಿ. ನೋವೂ ಇಲ್ಲ. ಆದರೆ ಇದು ನನ್ನ ಹಿಡ್ಕೊಳ್ಳುತ್ತೆ ಕಣೆ. ಹೊರಳೋಣ ಅಂದ್ರೆ ಬಿಡಲ್ಲ. ಹೂತು ಹೋದ ಹಾಗಾಗುತ್ತೆ."

ಅದು ಎಷ್ಟು ಸರಿಯಾದ ಮಾತು! ಮೆಮೊರಿ ಫೋಮು ಮೈಯ ಆಕಾರಕ್ಕೆ ಕುಳಿ ಬಿದ್ದು, ನಿಧಾನಕ್ಕೆ ಮೇಲೇಳುತ್ತದೆ. ಬಲ ಇರುವವರು ಆ ಕುಳಿಯಿಂದ ಒಂದೇ ತಳ್ಳಿಗೆ ಹೊರಳುತ್ತಾರೆ. ಬಲ ಕಡಿಮೆಯಾದವರಿಗೆ ಒಂದೊಂದು ಹೊರಳೂ ಒಂದು ಸಣ್ಣ ಹತ್ತುವಿಕೆ. ನೋಟ್‌ಬುಕ್ಕಿನಲ್ಲಿ ಅತ್ತೆಯ ನೋವಿನ ಅಂಕ ಐದೂ ದಿನ 2, ಅವರ ಹಳೆಯ ಹಾಸಿಗೆಗಿಂತ ಕಡಿಮೆಯೇ. ಅದೊಂದನ್ನೇ ನೋಡಿದ್ದರೆ ಅವರಿಗೂ ಇದನ್ನೇ ತಂದುಬಿಡುತ್ತಿದ್ದೆ. ಹೊರಳಲು ಎಷ್ಟು ಕಷ್ಟ, ಏಳಲು ಎಷ್ಟು ಕಷ್ಟ ಎಂಬ ಎರಡು ಕಾಲಂ ನಾನು ಗೆರೆ ಹಾಕುವಾಗ ಬರೆದೇ ಇರಲಿಲ್ಲ. ಅವತ್ತು ಬೆಳಿಗ್ಗೆ ಸೇರಿಸಿದೆ. ಆ ಎರಡರಲ್ಲೂ ಅತ್ತೆ 8 ಬರೆಸಿದರು.

ಮಾರ್ಚ್ ಕೊನೆಯಿಂದ ಸೆಕೆ. ಮೇಲಿನ ಮಹಡಿಯ ಮನೆ, ಹಗಲೆಲ್ಲ ಕಾದ ತಾರಸಿ ರಾತ್ರಿ ಹನ್ನೊಂದರವರೆಗೆ ಕೆಳಕ್ಕೆ ಶಾಖ ಬಿಡುತ್ತಿರುತ್ತದೆ. ಸ್ಪ್ರಿಂಗಿನ ನಡುವೆ ಗಾಳಿ ಆಡುವುದರಿಂದ ಹೈಬ್ರಿಡ್ ತಣ್ಣಗಿರುತ್ತದೆ ಎಂದು ಕೇಳಿದ್ದೆ. ಗಾಳಿ ಒಳಗೆ ಬರಲು ದಾರಿಯಿದ್ದರೆ ತಾನೇ? ನಮ್ಮ ಮಂಚದ ತಳ ಪೂರ್ತಿ ಪ್ಲೈವುಡ್. ಹಾಸಿಗೆ ಎತ್ತಿ ನೋಡಿದರೆ ತಳದ ಬಟ್ಟೆ ಬೆವೆತ ಹಾಗಿತ್ತು. ಬಡಗಿಯನ್ನು ಕರೆಸಿ ಪ್ಲೈವುಡ್‌ಗೆ ಒಂದಿಂಚಿನ ಇಪ್ಪತ್ತನಾಲ್ಕು ತೂತು ಹೊಡೆಸಿದೆವು. ತಳದ ತೇವ ಹೋಯಿತು. ಮೇಲಿನ ಸೆಕೆ ಸ್ವಲ್ಪ ಇಳಿಯಿತು, ಪೂರ್ತಿಯಲ್ಲ. ಭುಜ ಫೋಮಿನೊಳಗೆ ಇಳಿದ ಜಾಗ ಬೆಚ್ಚಗಾಗೇ ಆಗುತ್ತದೆ. ಏಪ್ರಿಲ್‌ನ ಆರು ರಾತ್ರಿ ಸೆಕೆಗೇ ಎಚ್ಚರವಾಯಿತೆಂದು ಬರೆದಿದ್ದೇನೆ.

92ನೇ ರಾತ್ರಿಯ ಮಾರನೆಯ ದಿನ ಲೆಕ್ಕ ಮುಗಿಸಲು ಕೂತೆವು. ಅದಕ್ಕೆ ಮುಂಚೆ ಹಾಸಿಗೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಗಾರೆ ಕೆಲಸದ ನೂಲು ಬಿಗಿಯಾಗಿ ಹಿಡಿದು, ನಮ್ಮನೆಯವರ ಸೊಂಟ ಬರುವ ಜಾಗದಲ್ಲಿ ಸ್ಕೇಲು ಇಳಿಸಿ ಅಳೆದೆವು. ಎಂಟು ಮಿಲಿಮೀಟರ್ ತಗ್ಗು. ಮೂರು ತಿಂಗಳಿಗೆ ಇಷ್ಟು ಆಗುತ್ತದೆ, ಆದರೆ ಸುಮ್ಮನೆ ಬಿಡುವ ಹಾಗಿಲ್ಲ. ತಲೆ ಕಡೆ ಕಾಲಿಗೆ, ಕಾಲಿನ ಕಡೆ ತಲೆಗೆ ತಿರುಗಿಸಿದೆವು. ಮೂರು ತಿಂಗಳಿಗೊಮ್ಮೆ ಹೀಗೆ ತಿರುಗಿಸಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಮಗುಚಿ ಹಾಕುವಂತಿಲ್ಲ, ಮೆತ್ತನೆಯ ಪದರ ಒಂದೇ ಕಡೆ ಇರುವುದು.

ಇದನ್ನು ಇಟ್ಟುಕೊಳ್ಳೋಣ ಎಂದು ನಾವಿಬ್ಬರೂ ಒಪ್ಪಿದೆವು. ಅಂಗಾತ ಮಲಗುವ ಭಾರದ ಮೈಗೂ ಮಗ್ಗುಲಲ್ಲಿ ಮಲಗುವ ನಡುತೂಕದ ಮೈಗೂ ಇದು ಹೊಂದಿತು. ಒಬ್ಬರು ಎದ್ದರೆ ಇನ್ನೊಬ್ಬರಿಗೆ ಎಚ್ಚರವಾಗುವುದಿಲ್ಲ. ನಮ್ಮ ಮಂಚಕ್ಕೆ ಇದಕ್ಕಿಂತ ಬೇಕಿಲ್ಲ. ಮಗಳಿಗೆ ಇದು ಬೇಡ. ಅವಳು ಎಂಟು ದಿನ ಬಿಟ್ಟು ಮತ್ತೆ ಅಂಗಡಿಗೆ ಬಂದು, ತಾನೇ ಮಲಗಿ, ಬೋರಲಿಗೂ ಮಗ್ಗುಲಿಗೂ ಹೊರಳಿ ನೋಡಿ, ಇದಕ್ಕಿಂತ ಮೆತ್ತನೆಯ ಐದು ಇಂಚಿನ ಲೇಟೆಕ್ಸ್, ಅಂದರೆ ರಬ್ಬರ್ ಫೋಮಿನ ಹಾಸಿಗೆ ಆರಿಸಿಕೊಂಡಳು. ಸ್ಪ್ರಿಂಗಿಲ್ಲ. ಅವಳ ತೂಕಕ್ಕೆ ಸ್ಪ್ರಿಂಗು ಅಷ್ಟಾಗಿ ಕುಗ್ಗುವುದೇ ಇಲ್ಲವಲ್ಲ.

ಅತ್ತೆಯದಕ್ಕೆ ನಾನೂ ನಮ್ಮನೆಯವರೂ ಹೋದೆವು. ಮೊದಲೆಲ್ಲ ಬಿಲ್ಲು ಹೆಗಲಿಗೇರಿಸಿಕೊಂಡು, ಅದರ ಹೆದೆ ಮೀಟಿ ಸದ್ದು ಮಾಡುತ್ತ ಪಿಂಜಾರರು ಬೀದಿಗೇ ಬರುತ್ತಿದ್ದರು. ಅಂಗಳದಲ್ಲಿ ಹತ್ತಿ ಹಿಂಜಿದರೆ ಬೀದಿಯೆಲ್ಲ ಬಿಳಿ ಎಳೆ ಹಾರಾಡುತ್ತಿತ್ತು. ಈಗ ನಮ್ಮ ಕಡೆ ಯಾರೂ ಬರುವುದಿಲ್ಲ. ವಿಚಾರಿಸಿಕೊಂಡು ಹೋದರೆ ಎರಡು ಕಿಲೋಮೀಟರ್ ದೂರದಲ್ಲಿ ಒಂದು ಸಣ್ಣ ಅಂಗಡಿ, ಒಳಗೆ ಹತ್ತಿ ಹಿಂಜುವ ಯಂತ್ರ, ಹೊರಗೆ ಹೊಲಿಯಲು ಕೂತ ಇಬ್ಬರು. ಆಟೋ ಹಿಂದೆ ಹಗ್ಗ ಕಟ್ಟಿ ಹಾಸಿಗೆ ಒಯ್ದೆವು. ಅಂಗಡಿಯವರು ಹೊಲಿಗೆ ಬಿಚ್ಚಿ, ಒಳಗೆ ಕೈಯಿಟ್ಟು ಹಿಡಿ ಹತ್ತಿ ತೆಗೆದು ಉಜ್ಜಿ ನೋಡಿದರು. "ಒಳ್ಳೇ ಹತ್ತಿ ಅಮ್ಮ. ಅರ್ಧ ಇದೇ ಉಳಿಸ್ಕೊಳ್ಳಬಹುದು. ಅರ್ಧ ಹೊಸದು ಹಾಕ್ತೀನಿ. ಎಷ್ಟು ಎತ್ತರ ಬೇಕು?"

ನಾನು ಪರ್ಸಿನಿಂದ ಚೀಟಿ ತೆಗೆದೆ. ಅತ್ತೆಯ ಮಂಚ 13 ಇಂಚು, ಅವರ ಮಂಡಿಯ ಹಿಂಬದಿ ನೆಲದಿಂದ 16 ಇಂಚು. "ಕೂತಾಗ ಮೂರೇ ಇಂಚು ಇರಬೇಕು. ಅಂಚು ಮಾತ್ರ ಬಿಗಿಯಾಗಿ ಹೊಲೀರಿ," ಎಂದೆ. ಅವರು ಮತ್ತೊಮ್ಮೆ ಚೀಟಿ ನೋಡಿ, ಹಾಗಾದರೆ ಹೊಲಿಯುವಾಗ ನಾಲ್ಕೂವರೆ ಇಡಬೇಕು, ತಿಂಗಳಲ್ಲಿ ಇಳಿಯುತ್ತೆ ಎಂದು ಲೆಕ್ಕ ಹೇಳಿದರು.

ನಾಲ್ಕು ದಿನ ಬಿಟ್ಟು ಹೊಸ ನೀಲಿ ಗೆರೆಯ ಬಟ್ಟೆಯಲ್ಲಿ ಹಾಸಿಗೆ ಬಂತು. ತಾರಸಿಯ ಮೇಲೆ ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ, ಸಂಜೆ ಬೆಚ್ಚಗಿರುವಾಗಲೇ ಮಂಚದ ಮೇಲೆ ಹಾಸಿದೆ. ಅತ್ತೆ ಬಂದು ಅಂಚಿನಲ್ಲಿ ಕೂತರು. ಎರಡೂ ಪಾದ ನೆಲದ ಮೇಲೆ. ಕೈ ಊರದೆ ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿ, ಈಚೆ ಹೊರಳಿ, "ದೀಪ ಆರಿಸಮ್ಮ," ಎಂದರು. ಆಗಿನ್ನೂ ಸಂಜೆ ಏಳು ಗಂಟೆ.